ಅಪ್ಪ ಭೂಮಿಯನ್ನು ನಿಲ್ಲಿಸಿದ ದಿನ

ನಾನು ಚಿಕ್ಕವಳಿದ್ದಾಗ, ಅಂದರೆ ರಾಟೆಯ ಹಿಡಿ ನನ್ನ ಎದೆಮಟ್ಟಕ್ಕೆ ಬರುತ್ತಿದ್ದಾಗ, ಅಗರದ ನಮ್ಮ ಮನೆಯ ಹಿತ್ತಲಲ್ಲಿ ರೇಷ್ಮೆನೂಲು ತೆಗೆಯುವ ಕೊಟ್ಟಿಗೆ ಇತ್ತು. ಅಪ್ಪ ಬಿಸಿನೀರಿನ ಬಾಂಡ್ಲಿಯ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಹುಡುಕಿ ಕೊಡುತ್ತಿದ್ದ. ನಾನು ಹಿಡಿ ಹಿಡಿದು ದೊಡ್ಡ ರಾಟೆ ತಿರುಗಿಸುತ್ತಿದ್ದೆ. ಒದ್ದೆ ನೂಲು ರಾಟೆಗೆ ಸುತ್ತಿಕೊಳ್ಳುವಾಗ ನೀರು ಸಿಡಿದು ನನ್ನ ಮುಖಕ್ಕೆಲ್ಲ ಬೀಳುತ್ತಿತ್ತು. ಬೆಂದ ಹುಳುವಿನ ನಾತ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಮೈಬಿಟ್ಟು ಹೋಗುತ್ತಿರಲಿಲ್ಲ. ನನ್ನನ್ನು ಎರಡನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಓದುತ್ತಿದ್ದವಳು ಅಕ್ಕ.

ಆ ವರ್ಷ ಅಕ್ಕನಿಗೆ ಯಳಂದೂರಿನಲ್ಲಿ ಏಳನೇ ಕ್ಲಾಸಿನ ಪರೀಕ್ಷೆ ಇತ್ತು. ಅದರ ಹಿಂದಿನ ದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಅಂತ ಓದಿದಳು. ಬಾಂಡ್ಲಿಯಲ್ಲಿ ಆಡುತ್ತಿದ್ದ ಅಪ್ಪನ ಕೈ ನಿಂತಿತು.

“ಏನಂದೆ? ಇನ್ನೊಂದ್ಸಲ ಓದು.”

ಓದಿದಳು. ಅಪ್ಪ ನನ್ನ ಕಡೆ ಕೈ ತೋರಿಸಿದ. “ತಿರುಗೋದೆಲ್ಲಾ ನೀರ ಎರಚ್ತದೆ. ನಿನ್ ತಂಗಿ ಮೊಕ ನೋಡು. ಭೂಮಿ ತಿರುಗಿದ್ರೆ ಕೆರೆ ನೀರು ಎಲ್ಲಿ ನಿಂತಾದು?”

“ಪುಸ್ತಕದಲ್ಲಿ ಅಂಗೇ ಅದೆ ಅಪ್ಪ.”

“ಅಂಗಾರೆ ಪುಸ್ತಕ ಸುಳ್ಳು. ಸುಳ್ಳ ಬರಿಯಕೆ ನನ್ ಮಗ್ಳು ಯಳಂದೂರ್‌ಗಂಟ ಓಗದು ಬ್ಯಾಡ. ನಾಳೆಯಿಂದ ಬಾಂಡ್ಲಿ ಮುಂದೆ ಕೂತ್ಕೊ.”

ಕೋಪದಲ್ಲಿ ಹೇಳಿದ್ದರೆ ಸಂಜೆಗೆ ಇಳಿಯುತ್ತಿತ್ತು. ಅಪ್ಪ ಮೆತ್ತಗೆ ಹೇಳಿದ. ಅವನು ಮೆತ್ತಗೆ ಹೇಳಿದ ಮಾತನ್ನು ಹಿಂದಕ್ಕೆ ತಗೊಂಡಿದ್ದನ್ನು ನಾನು ಕಂಡಿರಲಿಲ್ಲ. ಬಾಂಡ್ಲಿ ಮುಂದೆ ಕೂತ ಹುಡುಗಿಯರ ಬೆರಳು ಬೆಂದು ಬಿಳುಚಿ ಸುಲಿದುಹೋಗುತ್ತದೆ. ವರ್ಷ ತುಂಬುವುದರೊಳಗೆ ಯಾರಾದರೂ ಹೆಣ್ಣು ಕೇಳಿಕೊಂಡು ಬರುತ್ತಾರೆ. ಅಲ್ಲಿಗೆ ಮುಗಿಯಿತು.

ಅವ್ವ ಅಕ್ಕನನ್ನು ಒಲೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. “ಸೂರ್ಯನೇ ತಿರುಗ್ತಾನೆ ಅಂತ ಬರೀತೀನಿ ಅಂದ್ಬುಡು. ಅಲ್ಲಿ ಓಗಿ ಏನಾರ ಬರ್ಕೊ.”

“ನಾನ್ಯಾಕವ್ವ ಸುಳ್ ಏಳ್ಲಿ?” ಅಂದಳು ಅಕ್ಕ. ಅವಳೂ ಅಪ್ಪನ ಮಗಳೇ. ಚಪ್ಪಲಿ ಕೂಡ ಹಾಕಿಕೊಳ್ಳದೆ ಮೇಷ್ಟ್ರ ಮನೆ ಕಡೆ ಓಡಿದಳು.

ಅವಳು ಬರುವಷ್ಟು ಹೊತ್ತೂ ನಾನು ತಿರುಗಿಸುತ್ತಲೇ ಇದ್ದೆ. ಮೇಷ್ಟ್ರು ಬಂದು ಎರಡು ಬೈಗುಳ ಬೈದರೆ ಸಾಕು, ಅಪ್ಪ ಬಾಗಿಲು ಹಾಕಿಬಿಡುತ್ತಾನೆ ಅಂತ ನನಗೆ ಗೊತ್ತಿತ್ತು. ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿ, “ಅಣ್ಣ ಭೂಮಿ ನಿಲ್ಸವ್ನಂತೆ, ನಮ್ ಬಸ್ಸೂ ನಿಂತೋಯ್ತದಾ?” ಅಂತ ಕಿಚಾಯಿಸಿದ. ಅಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಇನ್ನೂ ಭಯವಾಯಿತು.

ಮೇಷ್ಟ್ರು ಬಂದರು. ಬೈಯಲಿಲ್ಲ. ಅಪ್ಪ ಮಣೆ ಹಾಕಿ, “ಕೂತ್ಕಳಿ ಸಾ,” ಅಂದು ತನ್ನ ಮಾತನ್ನೇ ಇನ್ನೊಮ್ಮೆ ಹೇಳಿದ.

“ಇದು ಹಳೇ ಜಗಳ ಕಣಪ್ಪ,” ಅಂದರು ಮೇಷ್ಟ್ರು. “ಭೂಮಿ ತಿರುಗ್ತದೆ ಅಂತ ನಮ್ಮ ದೇಶದಲ್ಲೇ ಒಬ್ಬ ಪಂಡಿತ ಹಿಂದೆ ಹೇಳಿದ. ಆಮೇಲೆ ಬಂದ ದೊಡ್ಡ ಪಂಡಿತರು, ಹಾಗಾದ್ರೆ ಮೇಲೆ ಹಾರಿದ ಹಕ್ಕಿ ತನ್ನ ಗೂಡಿಗೆ ಹೆಂಗೆ ವಾಪಸ್ ಬರ್ತದೆ ಅಂತ ಕೇಳಿದ್ರು. ಅವತ್ತು ಎಲ್ಲರಿಗೂ ವಿರುದ್ಧ ಇದ್ದೋನು ಭೂಮಿ ತಿರುಗ್ತದೆ ಅಂದೋನೇ.”

“ಆ ಅಕ್ಕಿ ಗೂಡಿನ ಇಚಾರ ಬುಡಿ. ನೀರ್ ಇಚಾರ ಏಳಿ.”

ಕಿವಿಯೆಲ್ಲ ಅತ್ತ ಇದ್ದುದರಿಂದ ನನ್ನ ಕೈ ನಿಧಾನವಾಗಿತ್ತು. “ತಿರುಗ್ಸಮ್ಮಿ, ಎಳೆ ಕಡ್ದೋಯ್ತದೆ,” ಅಂತ ಅಪ್ಪ ಗದರಿದ.

“ಇರು, ಹಾಗೇ ಮೆಲ್ಲಗೆ ತಿರುಗಿಸಲಿ,” ಅಂದರು ಮೇಷ್ಟ್ರು. “ಈಗ ನೀರು ಸಿಡೀತಾ ಇದೆಯಾ?”

ಸಿಡಿಯುತ್ತಿರಲಿಲ್ಲ. ಹನಿಗಳು ನೂಲಿಗೇ ಅಂಟಿಕೊಂಡು, ತೂಕವಾದ ಮೇಲೆ ಕೆಳಗೆ ತೊಟ್ಟಿಕ್ಕುತ್ತಿದ್ದವು.

“ಭೂಮಿ ಒಂದು ಸುತ್ತು ಬರೋಕೆ ಒಂದು ಹಗಲು, ಒಂದು ರಾತ್ರಿ ಬೇಕು. ಅಷ್ಟು ನಿಧಾನಕ್ಕೆ ಈ ರಾಟೆ ತಿರುಗಿದ್ರೆ ನಿನ್ನ ಮಗಳ ಮುಖ ಒದ್ದೆ ಆಗ್ತದಾ?”

ಅಪ್ಪ ತಲೆ ಕೆರೆದುಕೊಂಡ. “ಸಿಡಿಯಕಿಲ್ಲ, ಸರಿ. ಆದ್ರೆ ಕೆಳಕ್ ಬೀಳ್ತಾ ಅದಲ್ಲ ಸಾ? ಭೂಮಿ ಮ್ಯಾಗ್ಳ ನೀರು ಯಾವ್ ಕೆಳಕ್ ಬೀಳ್ತದೆ?”

“ಕೆಳಗೆ ಅನ್ನೋದೇ ಭೂಮಿ ಕಡೆಗೆ ಕಣಪ್ಪ. ಎಲ್ಲವನ್ನೂ ಅದು ತನ್ನ ಕಡೆಗೇ ಎಳ್ಕೊಳ್ತದೆ. ಇನ್ನೆಲ್ಲಿಗೆ ಬೀಳಬೇಕು?”

ಬಾಂಡ್ಲಿಯಲ್ಲಿ ಗೂಡುಗಳು ಒಂದಕ್ಕೊಂದು ತಾಗಿ ಕುಣಿಯುತ್ತಿದ್ದವು. ಒಲೆಯ ಹೊಗೆಗೆ ಕಣ್ಣು ಉರಿಯುತ್ತಿದ್ದರೂ ನಾನು ರೆಪ್ಪೆ ಮುಚ್ಚಲಿಲ್ಲ. ಅಕ್ಕ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು.

ಕೊನೆಗೆ ಅಪ್ಪ ಕೈ ಒರೆಸಿಕೊಂಡ. “ಪೂರಾ ಒಪ್ನಿಲ್ಲ ನಾನು. ಆದ್ರೆ ಸುಳ್ಳು ಅನ್ನಕ್ಕೂ ಬಾಯ್ ಬರ್ತಾ ಇಲ್ಲ. ಓಗ್ಲಿ, ಬರೀಲಿ.”

ಅಕ್ಕ ಹೋದಳು, ಬರೆದಳು, ಪಾಸಾದಳು, ಮುಂದೆ ಓದಿ ನರ್ಸಾದಳು. ಅಪ್ಪ ಸಾಯುವವರೆಗೂ ಪೂರಾ ಒಪ್ಪಲಿಲ್ಲ. ನನ್ನನ್ನು ಮತ್ತೆ ಸ್ಕೂಲಿಗೆ ಕಳಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ಅದನ್ನು ಹೇಳಿ ಈಗ ಆಗಬೇಕಾದ್ದೇನೂ ಇಲ್ಲ.

ನಿಮ್ಮ ಕಾಲ ಬೇರೆ, ನನಗೆ ಗೊತ್ತು. ಕೊಳ್ಳೇಗಾಲದಲ್ಲಿ ಓದುವ ನನ್ನ ಮೊಮ್ಮಗ ಹೋದ ವಾರ ಫೋನು ತಂದು ಒಬ್ಬನನ್ನು ತೋರಿಸಿದ. ಆತ ಭೂಮಿ ದೋಸೆಯ ಹಾಗೆ ಚಪ್ಪಟೆ, ವಿಜ್ಞಾನಿಗಳೆಲ್ಲ ಸೇರಿ ಮುಚ್ಚಿಟ್ಟಿದ್ದಾರೆ ಅನ್ನುತ್ತಿದ್ದ. ಮಾತು ಬಲು ಚೆನ್ನಾಗಿತ್ತು. ಮೊಮ್ಮಗ ಈಗ ಭೂಮಿಯ ಪಾಠವನ್ನೇ ಓದುವುದಿಲ್ಲ ಅಂತ ಕೂತಿದ್ದಾನೆ.

“ಅವನನ್ನ ಕರಿ, ನಾನೂ ಒಂದ್ ಮಾತ್ ಕೇಳ್ಬೇಕು,” ಅಂದೆ.

“ಅವ್ನೆಲ್ಲಿ ಬತ್ತನೆ ಅಜ್ಜಿ, ಅವ್ನ್ ಯಾವೂರೋ ಏನೋ,” ಅಂತ ನಕ್ಕ.

ನನಗೆ ನಗು ಬರಲಿಲ್ಲ. ನಮ್ಮಪ್ಪನ ಲೆಕ್ಕ ತಪ್ಪಾಗಿತ್ತು. ಆದರೂ ಮೇಷ್ಟ್ರು ಬಂದಾಗ ಮಣೆ ಹಾಕಿದ, ಜವಾಬು ಕೇಳಿಸಿಕೊಂಡ, ಯಾಕೆಂದರೆ ಕೆಟ್ಟರೆ ಕೆಡುತ್ತಿದ್ದುದು ಅವನ ಸ್ವಂತ ಮಗಳ ಬಾಳು. ಫೋನಿನಲ್ಲಿದ್ದವನು ತನ್ನದು ಹೇಳಿ ಮುಗಿಸಿ ಮಾಯವಾದ. ನನ್ನ ಮೊಮ್ಮಗ ಫೇಲಾದರೆ ಅವನಿಗೆ ಸುದ್ದಿಯೂ ಮುಟ್ಟುವುದಿಲ್ಲ.