ಬಚ್ಚಲ ಮೋರಿಯ ಹಾವುಮೀನು

ಅರವತ್ತರ ದಶಕದ ಕೊನೆಯಲ್ಲಿ ನಾನು ಸಾಲಿಗ್ರಾಮದಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ಇಪ್ಪತ್ತಮೂರು, ಜಂಬ ಅದಕ್ಕಿಂತ ಹೆಚ್ಚು. ಮೈಸೂರಿನ ದೊಡ್ಡ ಮನೆಯೊಂದರಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದನ್ನು ನೋಡಿ ಬಂದಿದ್ದೆ. ಅದನ್ನು ಯಾರು ಬೇಕಾದರೂ ಸಾಕುತ್ತಾರೆ, ನಾನು ಹಾವುಮೀನನ್ನೇ ಸಾಕುತ್ತೇನೆ ಎಂದು ಕಿಟಕಿ ಗಾಜು, ತಗಡು ಕೂಡಿಸಿ ತೊಟ್ಟಿ ಮಾಡಿಸಿದೆ. ಕಾವೇರಿಯಲ್ಲಿ ಬಲೆ ಹಾಕುವವನೊಬ್ಬ ಮೊಳದುದ್ದದ ಮೀನನ್ನು ಒದ್ದೆ ಗೋಣಿಯಲ್ಲಿ ತಂದುಕೊಟ್ಟ.

"ಮ್ಯಾಗೆ ಅಲಗೆ ಮುಚ್ಚಿ ಕಲ್ಲೇರಿ ಸಾ. ಸಂದು ಸಿಕ್ರೆ ನುಸುಳ್ಕೊಂಡು ಓಯ್ತದೆ" ಎಂದ.

ನಾನು ಬಾಡಿಗೆಗಿದ್ದದ್ದು ಮಡಿ ಹೆಂಗಸೊಬ್ಬರ ಮನೆಯ ಕೋಣೆಯಲ್ಲಿ. ಮೀನು ಮಾಂಸ ಒಳಗೆ ತರುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಸಾಕುವುದೇನು ತಿಂದಂತಾಯಿತೇ ಎಂಬುದು ನನ್ನ ವಾದ. ಆದರೂ ತೊಟ್ಟಿಗೆ ಹಳೇ ಪಂಚೆ ಹೊದಿಸಿ ಮಂಚದ ಮರೆಯಲ್ಲಿಟ್ಟಿದ್ದೆ. ಆ ವಾದದ ಮೇಲೆ ನನಗೇ ಎಷ್ಟು ನಂಬಿಕೆ ಇತ್ತು ನೋಡಿ!

ಒಂದು ಬೆಳಿಗ್ಗೆ ಎರೆಹುಳು ಹಾಕಿದವನು ಹಲಗೆ ಮುಚ್ಚಲು ಮರೆತು ಸ್ಕೂಲಿಗೆ ಓಡಿದೆ. ಕೋಣೆಯ ಮೂಲೆಯ ತೂಬು ಹಿತ್ತಲ ಬಚ್ಚಲ ಮೋರಿಗೆ ಸೇರುತ್ತಿತ್ತು. ಸಂಜೆ ಬಂದರೆ ಆಕೆ ಮೋರಿಯ ಪಕ್ಕ ಕೂತು ಅಳುತ್ತಿದ್ದರು.

"ಹಂಡೆಯ ಕುದಿನೀರು ಮೋರಿಗೆ ಚೆಲ್ಲಿಬಿಟ್ಟೆ ಮೇಷ್ಟ್ರೇ, ಒಳಗೆ ಇದಿತ್ತು. ನೀವು ಸೈನ್ಸ್ ಓದಿದೋರು, ನೋಡಿ ಹೇಳಿ. ನಾಗಪ್ಪನಾ? ನಾಗಪ್ಪ ಆದ್ರೆ ನನ್ನ ಮಗಳ ಗತಿಯೇನು?"

ಮಗಳು ಹೆರಿಗೆಗೆ ಬಂದಿದ್ದಳು. ದಿನ ತುಂಬಿತ್ತು.

ಮೀನಿನ ಚರ್ಮ ಬೆಂದು ಸುಲಿದಿತ್ತು. ಬೆನ್ನಿನ ಈಜುರೆಕ್ಕೆ ಮುದುಡಿ ಮೈಗಂಟಿತ್ತು, ಆದರೂ ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಮೀನು ಎಂದು ಒಂದು ಮಾತು ಹೇಳಿದ್ದರೆ ಅವರ ಭಯ ಹೋಗುತ್ತಿತ್ತು. ನನ್ನ ಕೋಣೆಯೂ ಮರ್ಯಾದೆಯೂ ಹೋಗುತ್ತಿದ್ದವು.

"ಸರ್ಯಾಗಿ ಗೊತ್ತಾಗ್ತಿಲ್ಲ ಕಣ್ರಮ್ಮ" ಎಂದೆ.

ವಿಜ್ಞಾನದ ಮೇಷ್ಟ್ರಿಗೇ ಗೊತ್ತಾಗದಿದ್ದರೆ ಅದು ನಾಗಪ್ಪನೇ ಎಂದು ಅವರು ತೀರ್ಮಾನಿಸಿದರು. ನಾಗರ ಸತ್ತರೆ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡಬೇಕಲ್ಲ, ರೇಷ್ಮೆಯ ತುಂಡು ಹೊದಿಸಿ, ಗಂಧದ ಚಕ್ಕೆ ಇಟ್ಟು, ತುಪ್ಪ ಸುರಿದು ಹಿತ್ತಲಲ್ಲೇ ಸುಟ್ಟರು. ಸೌದೆ ಜೋಡಿಸಿದವನು ನಾನೇ. ಗಂಧ, ತುಪ್ಪ ಎರಡನ್ನೂ ಮೀರಿ ಸುಟ್ಟ ಮೀನಿನ ವಾಸನೆ ಎದ್ದಿತು. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಮೂಗಿಗೆ ಬರುತ್ತಿದ್ದ ವಾಸನೆ ಅದು. ಹುಟ್ಟಿದಾಗಿನಿಂದ ಮೀನಿನ ಹತ್ತಿರ ಸುಳಿಯದ ಆ ಹೆಂಗಸಿಗೆ ಅದು ತಿಳಿಯಲಿಲ್ಲ. "ತಪ್ಪಾಯ್ತು ತಂದೆ" ಎಂದು ಬೆಂಕಿಗೆ ಅಡ್ಡಬಿದ್ದರು.

ಮಗಳು ಸುಖವಾಗಿ ಹೆತ್ತಳು. ಈಗಲಾದರೂ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಆಕೆ ತಾವು ಹೊತ್ತಿದ್ದ ಹರಕೆಯನ್ನು ನಡೆಸತೊಡಗಿದ್ದರು. ಬದುಕಿರುವ ತನಕ ಬಿಸಿನೀರು ಮೈಗೆ ಹಾಕಿಕೊಳ್ಳುವುದಿಲ್ಲ ಎಂಬ ಹರಕೆ. ಅದನ್ನು ಕೇಳಿದ ಮೇಲೆ ನನ್ನ ಬಾಯಿ ಪೂರ್ತಿ ಕಟ್ಟಿತು. ಇಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೂ ಎರಡು ವರ್ಷ ಆ ಮನೆಯಲ್ಲಿದ್ದೆ. ಮಾಗಿಯ ಚಳಿಯಲ್ಲಿ ಆಕೆ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳುವ ಸದ್ದು, ಆಮೇಲೆ ನಡುಗುವ ದನಿಯಲ್ಲಿ ಹೇಳುವ ಸ್ತೋತ್ರ ಹಾಸಿಗೆಯಲ್ಲೇ ಕೇಳುತ್ತಿತ್ತು. ಕಂಬಳಿಯೊಳಗೆ ನಾಚಿಕೆಯಿಂದ ಸಾಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗುತ್ತಿದ್ದರು:

"ಏಳಿ ಮೇಷ್ಟ್ರೇ, ನಿಮಗೆ ಹಂಡೆ ಕಾಯಿಸಿಟ್ಟಿದೀನಿ."

ನಾನು ಎದ್ದು ಹೋಗಿ, ಬಿಸಿಬಿಸಿ ನೀರು ಹೊಯ್ದುಕೊಂಡು ಬರುತ್ತಿದ್ದೆ.