ನಾಳೆ ಅಕ್ಕ ಬಿಚ್ಚದೇ ಬಿಟ್ಟ ಬಟನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಎದುರಿಗೆ ಮೂರು ಮಹಡಿಯ ಹಳೇ ಕಟ್ಟಡ. ಅದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಗಲುವಷ್ಟು ತಗ್ಗಾದ ಜಾಗದಲ್ಲಿ ಒಂದು ಹೊಲಿಗೆ ಯಂತ್ರ. ಅದರ ಮುಂದೆ ಕೂತ ಹೆಂಗಸು ಕಪ್ಪು ಕೋಟೊಂದನ್ನು ಒಳಗು ಹೊರಗು ಮಾಡಿ ಮಡಿಲಲ್ಲಿ ಹರಡಿಕೊಂಡು, ಹರಿದ ಲೈನಿಂಗನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿದ್ದಾರೆ. ತಲೆಯ ಮೇಲೆ ಒಂದು ಬಲ್ಬು, ಪೂರ್ವದ ಗೋಡೆಗೆ ಒಂದು ಚಿಕ್ಕ ಕಿಟಕಿ. "ಬಿಚ್ಚೋಕೆ ಬಲ್ಬು ಸಾಕು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕೋಕೆ ಮಾತ್ರ ಸೂರ್ಯನೇ ಬರ್ಬೇಕು," ಎನ್ನುತ್ತಾರೆ ಅವರು, ತಲೆ ಎತ್ತದೆ.

ಕೋಟು ಅವರ ಅಣ್ಣನದು. ಪಾಪ, ಅದರ ಅವಸ್ಥೆ ನೋಡಬೇಕು. ಕಾಲರ್ ಸವೆದು ನೂಲು ಕಾಣುತ್ತಿದೆ, ಮೊಣಕೈಗೆ ತೇಪೆ ಹಾಕಿ ಆ ತೇಪೆಯೂ ಹಳೆಯದಾಗಿದೆ, ಮುಂಭಾಗದ ಬಟನ್‌ಗಳಲ್ಲಿ ಒಂದು ಇನ್ನೊಂದರ ಜಾತಿಯಲ್ಲ. ಇಡೀ ಕೋಟಿನಲ್ಲಿ ಹೊಸದರ ಹಾಗೆ ಬಿಗಿಯಾಗಿ ಉಳಿದಿರುವುದು ಒಂದೇ ಒಂದು: ಒಳಜೇಬಿನ ಮೇಲೆ ಬಾಗಿ ಮುಚ್ಚುವ ಪಟ್ಟಿ, ಅದರ ಬಟನ್, ಆ ಬಟನ್ ಕೂರುವ ಕಾಜಾ. ಆ ಜೇಬಿನಲ್ಲಿ ಅಣ್ಣನ ಪಿಸ್ತೂಲು ಇರುತ್ತದೆ.

ಈ ದರ್ಜಿಯನ್ನು ಸುತ್ತಮುತ್ತ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು 'ನಾಳೆ ಅಕ್ಕ'. ಪ್ಯಾಂಟಿನ ಉದ್ದ ಕಡಿಮೆ ಮಾಡಬೇಕಾ? ನಾಳೆ ಬನ್ನಿ. ಜಿಪ್ ಕೆಟ್ಟಿದೆಯಾ? ಇಟ್ಟು ಹೋಗಿ, ನಾಳೆ ಬನ್ನಿ. ದರ್ಜಿಗಳ ನಾಳೆ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ ಎಂಬುದು ಬಟ್ಟೆ ಹೊಲಿಸಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಇವರದು ಒಂದು ಕೈ ಮೇಲೆ. ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಬರುತ್ತವೆ, ಆರೇಳು ಹೋಗುತ್ತವೆ, ಮಿಕ್ಕವು ಹಿಂದಿನ ಗೋಡೆಯ ಮೊಳೆಗಳಲ್ಲಿ ನೇತಾಡುತ್ತ ತಮ್ಮ ನಾಳೆಗಾಗಿ ಕಾಯುತ್ತವೆ. "ಏನ್ ಮಾಡ್ಲಿ, ಇರೋದು ಎರಡು ಕೈ. ಕತ್ತು ಬೇರೆ ಮಧ್ಯಾಹ್ನದ ಮೇಲೆ ನನ್ನ ಮಾತು ಕೇಳಲ್ಲ," ಎಂದು ನಗುತ್ತಾರೆ.

ಗಂಡ ತೀರಿಕೊಂಡಾಗ ನಾಳೆ ಅಕ್ಕನಿಗೆ ಹೊಲಿಗೆ ಬರುತ್ತಿತ್ತು, ಅಂಗಡಿ ಇರಲಿಲ್ಲ. ಬೆನ್ನಿಗೆ ನಿಂತದ್ದು ಅಣ್ಣ. ಈ ಮೆಟ್ಟಿಲ ಕೆಳಗಿನ ಜಾಗಕ್ಕಾಗಿ ಕಟ್ಟಡದ ಯಜಮಾನನ ತಲೆ ತಿಂದವರು ಅವರೇ. ಕಬ್ಬಿಣದ ಕಾಲಿನ ಈ ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದು ಇಲ್ಲಿ ಇಳಿಸಿದವರೂ ಅವರೇ. ಅಣ್ಣ ಬೀಗ ರಿಪೇರಿಯವರು. ಮುಂದಿನ ರಸ್ತೆಯಲ್ಲಿ ಅಂಗಡಿ, ಊರೆಲ್ಲ ಸುತ್ತಲು ಒಂದು ಹಳೇ ವ್ಯಾನು. ಬಂಗಾರದಂಥ ಮನುಷ್ಯ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಮನೆ ಮಾಡಿದೆ. "ಅಣ್ಣನ ಕೋಪ ಬರೋದೂ ಬೇಗ, ಇಳಿಯೋದೂ ಬೇಗ. ಮಧ್ಯದಲ್ಲಿ ಯಾರೂ ಅವನ ಕೈಗೆ ಸಿಗಬಾರದು ಅಷ್ಟೇ," ಎನ್ನುತ್ತಾರೆ ತಂಗಿ.

ಊರಿಗೆಲ್ಲ ಬೀಗ ಹಾಕಿಕೊಡುವ ಆ ಮನುಷ್ಯನ ಅಂಗಡಿಗೇ ಒಂದು ಸಂಜೆ ಕಳ್ಳರು ನುಗ್ಗಿದರು. ಗಲ್ಲಾ ಬಾಚಿಕೊಂಡು ಹೋಗಿದ್ದರೆ ಜನ ಅದನ್ನೊಂದು ತಮಾಷೆ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಆದರೆ ಆ ಕಳ್ಳರು ಅಣ್ಣನ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದು ಹೋದರು. ಆಸ್ಪತ್ರೆಯಿಂದ ಬಂದ ಅಣ್ಣನಿಗೆ ಹಿಂದಿನಿಂದ ಯಾರಾದರೂ ನಡೆದು ಬಂದರೆ ಬೆವರು. ಅದೇ ಹೊತ್ತಿಗೆ ಕಾನೂನು ಬದಲಾಯಿತು. ಲೈಸೆನ್ಸ್ ಇದ್ದ ಸಾಮಾನ್ಯ ಜನರೂ ಹೊರಗೆ ಓಡಾಡುವಾಗ ಪಿಸ್ತೂಲು ಇಟ್ಟುಕೊಳ್ಳಬಹುದು ಎಂದಾಯಿತು. ಅಣ್ಣ ತರಬೇತಿಗೆ ಹೋದರು, ಲೈಸೆನ್ಸ್ ಪಡೆದರು, ಒಂದು ಪಿಸ್ತೂಲು ಕೊಂಡರು. ಆಮೇಲೆ ಕೋಟು ಹಿಡಿದು ತಂಗಿಯ ಬಳಿ ಬಂದು, "ಇದಕ್ಕೊಂದು ಒಳಜೇಬು ಮಾಡು," ಎಂದರು.

ತಂಗಿ ಜೇಬು ಮಾಡಿದರು. ದಪ್ಪ ಬಟ್ಟೆ, ಎರಡು ಸುತ್ತು ಹೊಲಿಗೆ, ಮೇಲೆ ಮುಚ್ಚುವ ಪಟ್ಟಿ, ಪಟ್ಟಿಗೊಂದು ಬಟನ್. ಕಾಜಾ ಎಷ್ಟು ಬಿಗಿ ಎಂದರೆ ಎರಡೂ ಕೈ ಹಾಕದೆ ಬಟನ್ ಹೊರಗೆ ಬಾರದು. "ನನಗೆ ಗನ್ ವಿಷಯ ಏನ್ ಗೊತ್ತು? ಜೇಬು ಅಂದ್ರೆ ಒಳಗಿರೋದು ಬೀಳಬಾರದು. ಬೀಗದ ಕೆಲಸದೋನು, ದಿನಕ್ಕೆ ನೂರು ಸಲ ಬಗ್ಗಿ ಏಳ್ತಾನೆ. ಬಿದ್ದು ಗಿದ್ದು ಸಿಡಿದ್ರೆ ಏನ್ ಗತಿ?" ಎಂದು ಕೇಳುತ್ತಾರೆ. ದರ್ಜಿಯ ಲೆಕ್ಕದಲ್ಲಿ ಜೇಬು ಇರುವುದು ಇಟ್ಟುಕೊಳ್ಳುವುದಕ್ಕೆ. ಪಿಸ್ತೂಲು ಕೊಂಡವರ ಲೆಕ್ಕದಲ್ಲಿ ಅದು ಇರುವುದು ತೆಗೆಯುವುದಕ್ಕೆ. ಈ ವ್ಯತ್ಯಾಸ ಅಣ್ಣ ತಂಗಿ ಇಬ್ಬರಿಗೂ ಆಗ ಹೊಳೆದಿರಲಿಲ್ಲ.

ಅಣ್ಣ ಮಾರನೇ ದಿನವೇ ಹಾರಾಡಿಕೊಂಡು ಬಂದರು. "ಇದೇನೇ ಇದು, ಜೇಬೋ ಖಜಾನೆಯೋ? ಕಳ್ಳ ಎದುರಿಗೆ ನಿಂತಾಗ 'ಸ್ವಲ್ಪ ಇರಪ್ಪಾ, ಬಟನ್ ಬಿಚ್ಕೋತೀನಿ' ಅನ್ಲಾ? ತೆಗಿ ಅದನ್ನ." ತಂಗಿ ಕೈಯಲ್ಲಿದ್ದ ಕೆಲಸ ತೋರಿಸಿ, "ನಾಳೆ ಬಾ ಅಣ್ಣ," ಎಂದರು. ನಾಳೆ ಬಂದರೆ ಮತ್ತೆ ನಾಳೆ. ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ಬಾಬಿನ್ ಸಿಕ್ಕಿಕೊಂಡಿದೆ, ಕರೆಂಟು ಹೋಗಿದೆ. ಬಟನ್ ಕಿತ್ತು ಹಾಕಲು ಬೇಕಾದದ್ದು ಕತ್ತರಿಯ ಒಂದು ಕಚ್ಚು, ಅಣ್ಣನಿಗೂ ಅದು ಗೊತ್ತು. ಆದರೆ ತಂಗಿಯ ಹೊಲಿಗೆಗೆ ತಾವಾಗಿ ಕತ್ತರಿ ಹಾಕುವ ಮನುಷ್ಯ ಅವರಲ್ಲ. ಬೈಯುತ್ತಿದ್ದರು, ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

ಬೇಕೆಂದೇ ಮುಂದೂಡಿದಿರಾ ಎಂದು ಕೇಳಿದರೆ ನಾಳೆ ಅಕ್ಕ ಬ್ಲೇಡನ್ನು ಕೆಳಗಿಡುತ್ತಾರೆ. "ಕೆಲಸ ಇದ್ದದ್ದೂ ನಿಜ, ಮನಸ್ಸಿಲ್ಲದೇ ಇದ್ದದ್ದೂ ನಿಜ. ಕತ್ತರಿ ಕೈಗೆ ತಗೊಂಡಾಗೆಲ್ಲ ಅವನ ಕೋಪ ನೆನಪಾಗೋದು. ನನ್ನನ್ನ ಸಾಕಿದ ಕೈ ಅದು. ಆ ಕೈಯಿಂದ ಏನಾದ್ರೂ ಆಗ್ಬಾರದ್ದು ಆಗಿ, ಅದು ನಾನು ಹೊಲಿದ ಜೇಬಿಂದ್ಲೇ ಆದ್ರೆ? ಕತ್ತರಿ ಕೆಳಗಿಟ್ಟು ಯಾರದೋ ಜಿಪ್ ಹಾಕೋಕೆ ಕೂರ್ತಿದ್ದೆ."

ಹೀಗೆ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅಣ್ಣ ವ್ಯಾನಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಇಕ್ಕಟ್ಟಾದ ಬೀದಿಯಲ್ಲಿ ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಮುಂದಿನದನ್ನು ಅಣ್ಣನ ಬಾಯಲ್ಲೇ ಕೇಳಬೇಕು. "ಅವನು ಇಳಿದ. ನಾನು ಬಾಯಿಗೆ ಬಂದಂಗೆ ಬೈದೆ. ಒಂದು ಮಾತಿಲ್ಲ ಅವನದು. ಸುಮ್ನೆ ನನ್ನ ಮುಖ ನೋಡ್ದ, ತಟ್ಟನೆ ಕಾರೊಳಗೆ ಬಗ್ಗಿ ಸೀಟಿನ ಕೆಳಗೆ ಕೈ ಹಾಕ್ದ. ತಲೆಗೆ ಏಟು ಬಿದ್ದ ದಿನ ಕಣ್ಮುಂದೆ ಬಂತು. ಏನೋ ತೆಗೀತಿದಾನೆ, ಮುಗೀತು ನನ್ನ ಕಥೆ ಅಂದ್ಕೊಂಡೆ. ನನ್ನ ಕೈ ಕೋಟೊಳಗೆ ಹೋಯ್ತು."

ಬಟನ್ ಬರಲಿಲ್ಲ. ಬೆರಳು ಜಾರಿತು, ಇನ್ನೊಮ್ಮೆ ಜಾರಿತು. ಅಣ್ಣ ತಂಗಿಯನ್ನು ಮನಸ್ಸಿನಲ್ಲೇ ಶಪಿಸುತ್ತ ಇನ್ನೊಂದು ಕೈಯನ್ನೂ ಹಾಕಿದರು, ತಲೆ ತಗ್ಗಿಸಿ ನೋಡಿಕೊಂಡರು. ತಲೆ ಎತ್ತುವಷ್ಟರಲ್ಲಿ ಎದುರಿನ ಮನುಷ್ಯ ನೆಟ್ಟಗೆ ನಿಂತು ಏನನ್ನೋ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. "ಕ್ಷಮಿಸಿ, ಗುದ್ದಿದ ರಭಸಕ್ಕೆ ಕಿವಿಯ ಮಿಷನ್ ಬಿದ್ದೋಗಿತ್ತು. ನೀವು ಹೇಳಿದ್ದು ಒಂದೂ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಎಂದರಂತೆ. ಅಣ್ಣ ಮುಂದುವರಿಸುತ್ತಾರೆ. "ನಮ್ಮಪ್ಪನ ವಯಸ್ಸು ಅವರದು. ಕೋಟೊಳಗಿಂದ ಎರಡೂ ಕೈ ಬರಿಗೈಯಾಗಿ ಹೊರಗೆ ತೆಗೆದೆ."

ಅಲ್ಲಿಂದ ಅವರು ನೇರ ಈ ಮೆಟ್ಟಿಲ ಕೆಳಗೆ ಬಂದರು. ಪಿಸ್ತೂಲನ್ನು ವ್ಯಾನಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು, ಕೋಟು ಕೈಯಲ್ಲಿತ್ತು. ಅವರನ್ನು ಕಂಡದ್ದೇ ತಂಗಿ, "ಬೈಬೇಡ ಅಣ್ಣ, ಇವತ್ತು ಖಂಡಿತ ತೆಗೀತೀನಿ," ಎಂದು ಕತ್ತರಿ ಹುಡುಕತೊಡಗಿದರು. ಅಣ್ಣ ಆ ಕೈ ಹಿಡಿದುಕೊಂಡರು. "ಬೇಡ ಕಣೇ. ಹಾಗೇ ಇರ್ಲಿ," ಎಂದವರೇ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತು, ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಪ್ಪ ಹೋದಾಗ ಬಿಟ್ಟರೆ ಅಣ್ಣ ಅತ್ತದ್ದನ್ನು ನಾಳೆ ಅಕ್ಕ ನೋಡಿದ್ದು ಅದೊಂದೇ ಸಲ.

ಅಂದಿನಿಂದ ಅಂಗಡಿ ತೆಗೆದ ಸ್ವಲ್ಪ ಹೊತ್ತಿಗೆ ಅತ್ತಿಗೆ ಫ್ಲಾಸ್ಕಿನಲ್ಲಿ ಚಹಾ ತಂದುಕೊಡುತ್ತಾರೆ. ಇಂದೂ ತಂದಿದ್ದಾರೆ. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವರಲ್ಲ. "ಇವಳು ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಕೊಡೋ ದರ್ಜಿ ಆಗಿದ್ರೆ ನನ್ನ ಗಂಡ ಇವತ್ತು ಜೈಲಲ್ಲಿರ್ತಿದ್ರು. ರಾತ್ರಿ ಮನೆಗೆ ಬಂದು ಊಟ ಮಾಡ್ತಿದಾರೆ ಅಂದ್ರೆ ಅದು ಇವಳ ಸೋಮಾರಿತನದ ಪುಣ್ಯ," ಎಂದು ನಾದಿನಿಯ ಬೆನ್ನ ಮೇಲೆ ಗುದ್ದುತ್ತಾರೆ. ಗುದ್ದಿದ ಕೈಯನ್ನು ಅಲ್ಲೇ ಇಟ್ಟು ಸ್ವಲ್ಪ ಹೊತ್ತು ಸವರುತ್ತಾರೆ. ನಾಳೆ ಅಕ್ಕ ಚಹಾ ಕುಡಿಯುತ್ತಾರೆ.

ಪಿಸ್ತೂಲಿಗೆ ಒಳಜೇಬು ಮಾಡಿಸಲು ಈಗ ವಾರಕ್ಕೆ ಮೂರು ನಾಲ್ಕು ಜನ ಬರುತ್ತಾರೆ. ನಾಳೆ ಅಕ್ಕ ಯಾರಿಗೂ ಉಪದೇಶ ಮಾಡುವುದಿಲ್ಲ, ಮುಚ್ಚುಮರೆಯೂ ಇಲ್ಲ. ನನ್ನ ಜೇಬಿಗೆ ಪಟ್ಟಿ ಇರುತ್ತೆ, ಬಟನ್ ಇರುತ್ತೆ, ತೆಗೆಯೋಕೆ ಎರಡೂ ಕೈ ಬೇಕು ಎಂದು ಮೊದಲೇ ಹೇಳಿಬಿಡುತ್ತಾರೆ. ಕೆಲವರು ಮೂಗು ಮುರಿದು ಬೇರೆ ಅಂಗಡಿಗೆ ಹೋಗುತ್ತಾರೆ. ಕೆಲವರು, ಹಾಗೇ ಮಾಡಿ ಎನ್ನುತ್ತಾರೆ. ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅವರ ಉತ್ತರ ಒಂದೇ. "ಬೀಗದೋನ ತಂಗಿ ಅಲ್ವಾ, ಅಷ್ಟಾದ್ರೂ ಬರದಿದ್ರೆ ಹೇಗೆ?"

ಆದರೆ ಒಬ್ಬಳಿಗೆ ಮಾತ್ರ ಅವರು ಬಟನ್ ಹಾಕಲಿಲ್ಲ. ಆಸ್ಪತ್ರೆಯ ನರ್ಸ್ ಅವಳು. ಕೆಲಸ ಮುಗಿಸಿ ಹೋಗುವಾಗ ಗೋದಾಮುಗಳ ಬೀದಿಯಲ್ಲಿ ಒಬ್ಬಳೇ ನಡೆಯಬೇಕು. ಒಮ್ಮೆ ಅಲ್ಲಿ ಯಾರೋ ಅವಳನ್ನು ಎಳೆದುಕೊಂಡು ಹೋಗಲು ನೋಡಿದ್ದರು, ಮಣಿಕಟ್ಟಿನ ಗಾಯದ ಗುರುತು ಹಾಗೇ ಇದೆ. ಕೈಚೀಲದೊಳಗೆ ಪಿಸ್ತೂಲಿಗೊಂದು ಜೇಬು ಹೊಲಿಸಲು ಬಂದಿದ್ದಳು. ಬಟನ್ ಮಾತು ಕೇಳಿ, "ಅಕ್ಕಾ, ನನ್ನ ಒಂದು ಕೈ ಅವನ ಹಿಡಿತದಲ್ಲಿರುತ್ತೆ. ಎರಡನೇ ಕೈ ಎಲ್ಲಿಂದ ತರ್ಲಿ?" ಎಂದಳು. ತೆಗೆದಿಟ್ಟಿದ್ದ ಬಟನನ್ನು ನಾಳೆ ಅಕ್ಕ ಮತ್ತೆ ಡಬ್ಬಿಗೆ ಹಾಕಿದರು. ಕೀ ಗೊಂಚಲು, ಪೆನ್ನು ಪಿಸ್ತೂಲಿಗೆ ತಾಗದ ಹಾಗೆ ಗಟ್ಟಿ ಚರ್ಮದ ಜೇಬು ಹೊಲಿದರು, ಜೇಬಿನ ಬಾಯಿಯನ್ನು ತೆರೆದೇ ಬಿಟ್ಟರು. ನಾಳೆ ಎನ್ನದೆ ಅದೇ ದಿನ ಮುಗಿಸಿಕೊಟ್ಟ ಕೆಲಸ ಅವರ ಅಂಗಡಿಯಲ್ಲಿ ಅದೊಂದೇ ಇರಬೇಕು.

ಹಾಗಾದರೆ ಸಾಮಾನ್ಯ ಜನ ಪಿಸ್ತೂಲು ಇಟ್ಟುಕೊಂಡು ಓಡಾಡಬೇಕೋ ಬೇಡವೋ? ಈ ವಿಷಯದಲ್ಲಿ ಅಣ್ಣ ತಂಗಿಗೆ ಇಂದಿಗೂ ಒಮ್ಮತವಿಲ್ಲ. ಇರಬೇಕು ಎನ್ನುತ್ತಾರೆ ಅಣ್ಣ, ತಲೆಗೆ ಏಟು ತಿಂದವನಿಗೆ ಅದರ ಬೆಲೆ ಗೊತ್ತು ಎನ್ನುತ್ತಾರೆ. ತಂಗಿ ಕಿಟಕಿಯತ್ತ ನೋಡುತ್ತಾರೆ. "ನನಗೆ ಕೇಳಿದ್ರೆ ಯಾರಿಗೂ ಬೇಡ. ಆದ್ರೆ ಆ ಹುಡುಗಿ ಮುಖ ನೋಡಿ ಬೇಡ ಅನ್ನೋಕೆ ನನ್ನ ಕೈಲಾಗಲಿಲ್ಲ. ದೊಡ್ಡೋರು ಕೂತು ತೀರ್ಮಾನ ಮಾಡ್ಲಿ. ನನಗಿರೋ ಆಸೆ ಒಂದೇ. ಆ ಬೀದೀಲಿ ನಾಕು ದೀಪ ಹಾಕ್ಲಿ, ಆಸ್ಪತ್ರೆಯೋರು ಅವಳನ್ನ ಮನೇತನಕ ಬಿಟ್ಟು ಬರ್ಲಿ. ಒಂದಿನ ಅವಳೇ ಇಲ್ಲಿಗೆ ಬಂದು, ಅಕ್ಕಾ, ನನ್ನ ಜೇಬಿಗೂ ಒಂದು ಬಟನ್ ಹಾಕು ಅನ್ಬೇಕು."

ಅಷ್ಟರಲ್ಲಿ ಕಿಟಕಿಯಿಂದ ಬಿಸಿಲು ಯಂತ್ರದ ಮೇಲೆ ಬೀಳುತ್ತದೆ. ನಾಳೆ ಅಕ್ಕ ಬಲ್ಬು ಆರಿಸಿ ಹೊಸ ಲೈನಿಂಗ್ ಹೊಲಿಯತೊಡಗುತ್ತಾರೆ. ಮೆಟ್ಟಿಲ ಮೇಲೆ ಜನರ ಕಾಲಸಪ್ಪಳ, ಕೆಳಗೆ ಯಂತ್ರದ ಸದ್ದು. ಲೈನಿಂಗ್ ಮುಗಿದ ಮೇಲೆ ಒಳಜೇಬಿನ ಕಾಜಾದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಟನನ್ನು ದಿನಕ್ಕೆ ಹತ್ತಾರು ಸಲ ಬಿಚ್ಚಿ ಹಾಕಿದರೆ ಕಾಜಾದ ನೂಲು ಏಳುತ್ತದೆ, ಬಾಯಿ ಅಗಲವಾಗುತ್ತದೆ. ಇಲ್ಲಿ ಒಂದು ನೂಲೂ ಎದ್ದಿಲ್ಲ. ಮನೆಯಲ್ಲಿ ಪಿಸ್ತೂಲು ಇಡಲು, ತೆಗೆಯಲು ಬಿಟ್ಟರೆ ಅದಕ್ಕೆ ಯಾರೂ ಕೈ ಹಾಕಿಲ್ಲ. "ನೋಡಿ, ನಾನು ಹಾಕಿದ ದಿನ ಇದ್ದ ಹಾಗೇ ಇದೆ," ಎಂದು ಕೋಟನ್ನು ಮುಂದೆ ಚಾಚುತ್ತಾರೆ. ತಾವು ಹೊಲಿದದ್ದನ್ನು ಇವರು ಹೀಗೆ ತೋರಿಸಿದ್ದು ಇದೇ ಮೊದಲು.

ಅಣ್ಣ ಬರುತ್ತಾರೆ. ಕೋಟು ತೊಟ್ಟು, ತೋಳು ಮೇಲೆ ಕೆಳಗೆ ಮಾಡಿ, ಬಗ್ಗಿ ಎದ್ದು ನೋಡುತ್ತಾರೆ. ಕೈ ತಾನಾಗಿ ಒಳಜೇಬಿಗೆ ಹೋಗಿ ಬಟನ್ ಮುಟ್ಟುತ್ತದೆ.

"ಲೈನಿಂಗ್ ಚೆನ್ನಾಗಿದೆ," ಎನ್ನುತ್ತಾರೆ. "ಈ ಬಟನ್ ತೆಗೆಯೋದು ಯಾವಾಗ?"

"ನಾಳೆ ಬಾ ಅಣ್ಣ."

"ಆಯ್ತಮ್ಮ, ನಾಳೆ ಬರ್ತೀನಿ."