ಹರಿಯಲೆಂದೇ ಹೊಸೆದ ದಾರ

ಆ ದಾರ ನಮ್ಮ ಮಾವನವರ ಕೈತಪ್ಪಿನಿಂದ ಹರಿಯಲಿಲ್ಲ. ಹರಿಯಲೆಂದೇ ಅದನ್ನು ಹೊಸೆದವಳು ನಾನು.

ಇದನ್ನು ಇಷ್ಟು ವರ್ಷ ಯಾರ ಮುಂದೂ ಬಾಯಿಬಿಟ್ಟಿಲ್ಲ — ಗಂಡನ ಮುಂದೆ ಇಲ್ಲ, ಮಗಳ ಮುಂದೆ ಇಲ್ಲ, ಹೇಳಲೇಬೇಕಾಗಿದ್ದ ಆ ಒಬ್ಬರ ಮುಂದೆಯೂ... ಮಗಳ ಪಾಟಿಯಿಂದ ಕಲಿತ ಅಕ್ಷರದಲ್ಲಿ ಅದನ್ನೇ ಬರೆದು ಹೇಳಲು ಕೂತಿದ್ದೇನೆ. ಮಾತು ಸುತ್ತುಹಾದಿ ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ. ನಾನು ಮಾತು ಕಲಿತದ್ದೇ ಮಾವನವರ ಹತ್ತಿರ. ಅವರ ಮಾತು ಎಂದೂ ನೆಟ್ಟಗೆ ಹೋಗಿ ಮುಟ್ಟಿದ್ದಲ್ಲ.

ನಮ್ಮದು ವಿರೂಪಾಪುರಗಡ್ಡೆ. ಸುತ್ತ ಹೊಳೆ, ನಡುವೆ ನೆಲ್ಲಿನ ಗದ್ದೆ, ಎತ್ತ ಹೋಗಬೇಕಾದರೂ ಹರಗೋಲು. ನಾನು ಅಲ್ಲಿಗೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ, ಜರ್ಮನಿಯ ಯುದ್ಧದ ಸುದ್ದಿ ಸಂತೆಯಲ್ಲಿ ಕೇಳಿಬರುವುದಕ್ಕೆ ಒಂದೆರಡು ವರ್ಷ ಮೊದಲು. ತವರು ಕೊಪ್ಪಳದ ಮಗ್ಗುಲಿನ ಭಾಗ್ಯನಗರ. ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಹೋಗಿದ್ದ. ಅವ್ವ ಹೊಲದ ಕೂಲಿಗೆ ಹೋಗುವಳು. ನಾನು ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಬೆಳೆದೆ. ಅಡುಗೆ ಸುಮಾರು, ಹಾಡು ಬಾರದು. ಆದರೆ ಒಂದು ಎಳೆ ಕೈಗೆ ಬಂದರೆ ಅದು ಎಲ್ಲಿ ಗಟ್ಟಿ, ಎಲ್ಲಿ ಸೋತಿದೆ ಎಂಬುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಆ ತಿಳಿವಳಿಕೆಯೇ ಮುಂದೆ...

ಮಾವನವರ ಹೆಸರು ಯಂಕಪ್ಪ. ಹೆಂಡತಿಯನ್ನು ಕಳೆದುಕೊಂಡವರು. ಬೇಸಾಯ ಮಗನಿಗೆ ಬಿಟ್ಟು, ಹೊಳೆಯನ್ನು ತಮಗೆ ಇಟ್ಟುಕೊಂಡಿದ್ದರು. ಬಲೆ ಮುಟ್ಟುತ್ತಿರಲಿಲ್ಲ. "ಬಲಿ ಅಂದ್ರ ಮೀನಕ್ಕ ಕೇಳದ ಹಿಡಿಯೋದು. ಗಾಳ ಅಂದ್ರ ಕೇಳಿ ಹಿಡಿಯೋದು" ಎನ್ನುವರು. ಆನೆಗುಂದಿಯಿಂದ, ಗಂಗಾವತಿಯಿಂದ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು — ಮೀನಿಗಲ್ಲ, ಗಾಳದ ಕೋಲು ಆರಿಸಿಕೊಡಿ ಎಂದು.

ಆ ಆರಿಸುವುದನ್ನು ನೋಡಬೇಕಿತ್ತು ನೀವು. ಇರಕಲ್ಲಗಡದ ಕಡೆಯ ಮೇದಾರ ಬಿದಿರಿನ ಹೊರೆ ಇಳಿಸಿದನೆಂದರೆ ಇವರು ಒಂದೊಂದನ್ನೇ ಎತ್ತಿ, ಬುಡವನ್ನು ಹೊಟ್ಟೆಗೆ ಆನಿಸಿ, ತುದಿಯನ್ನು ಗಾಳಿಯಲ್ಲಿ ಒಮ್ಮೆ ಝಾಡಿಸುವರು. ತುದಿ ನಡುಗಿ ಥಟ್ಟನೆ ನಿಂತರೆ ಅದು ಕೋಲು. ನಡುಗುತ್ತಲೇ ಇದ್ದರೆ ಒಲೆಗೆ. ಹೊರೆಯೆಲ್ಲ ಜಾಲಾಡಿ ಒಂದನ್ನು ಮಗ್ಗುಲಿಗಿಡುವರು. ಮೇದಾರ ಗೊಣಗುವನು:

"ಹೆಣ್ಣ ನೋಡಾಕ ಬಂದೋರೂ ಇಷ್ಟ ನೋಡಂಗಿಲ್ಲ ಬಿಡ್ರಿ ಯಂಕಪ್ಪಜ್ಜ."

"ಹೆಣ್ಣ ಬಾಗದಿದ್ರೂ ಸಂಸಾರ ನಡೀತೈತೋ ತಮ್ಮಾ. ಕೋಲು ಬಾಗದಿದ್ರ ನಡಿಯಂಗಿಲ್ಲ."

ಇನ್ನು ಚರಕಿ. ಕೋಲಿನ ಬುಡಕ್ಕೆ ಕಟ್ಟುವ, ದಾರ ಸುತ್ತುವ ಸಾಗವಾನಿಯ ಗಾಲಿ ಅದು. ಗಂಗಾವತಿಯ ಬಡಿಗೇರ ಮಾಡುತ್ತಿದ್ದ. ಮಾವನವರು ಅದನ್ನು ಕಿವಿಗೆ ಹಿಡಿದು ಹೆಬ್ಬೆರಳಿನಿಂದ ತಿರುಗಿಸುವರು. "ಒಣಗಿದ್ದು ಹಾಡತೈತಿ, ಹಸೇದು ಗೊಣಗತೈತಿ. ಕೇಳು ನೀಲವ್ವಾ" ಎಂದು ನನ್ನ ಕಿವಿಗೂ ಹಿಡಿಯುವರು. ಮಾವನೆದುರು ಸೊಸೆ ಬಾಗಿಲ ಮರೆಯಲ್ಲಿ ನಿಲ್ಲುವ ಕಾಲ ಅದು. ಅಪ್ಪನ ದನಿ ಹೇಗಿತ್ತೆಂದೇ ಅರಿಯದ ನನಗೆ, ಅದು — ಹೋಗಲಿ. ಅದನ್ನು ಹೇಳಲು ನನಗೆ ಬಾರದು.

ದಾರ ಮಾತ್ರ ನನ್ನ ಪಾಲಿನದು. ನೇಕಾರರ ಮನೆಗಳಲ್ಲಿ ಸೀರೆ ನೇಯ್ದು ಉಳಿದ ರೇಷ್ಮೆಯ ತುಂಡುಗಳನ್ನು ಅವ್ವ ಗಂಟು ಕಟ್ಟಿ ಕಳಿಸುವಳು. ಮೂರು ಎಳೆ ಕೂಡಿಸಿ, ತೊಡೆಯ ಮೇಲೆ ಹೊಸೆದು, ತಂಗಡಿ ಗಿಡದ ತೊಗಟೆ ಕುದಿಸಿದ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ, ಹೊಳೆಯ ನೀರಿಗೆ ಬೇಗ ಕೊಳೆಯದ ಕೆಂಗಂದು ದಾರ. ಮೊದಲ ಸಲ ಹೊಸೆದು ಕೊಟ್ಟಾಗ ಮಾವನವರು ಕಣ್ಣು ಮುಚ್ಚಿ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ಎರಡೂ ಮುಷ್ಟಿಗೆ ಸುತ್ತಿಕೊಂಡು ಜಗ್ಗಿದರು. ಮತ್ತೆ ಜಗ್ಗಿದರು. ದಾರ ಅಲ್ಲಾಡಲಿಲ್ಲ. ಎದ್ದು, ಗಡ್ಡೆಯ ಮನೆಮನೆಗೂ ಹೋಗಿ ಹೇಳಿಕೊಂಡು ಬಂದರು — ನಮ್ಮ ಮನಿಗೆ ಎಂಥಾ ಸೊಸಿ ಬಂದಾಳ ಗೊತ್ತೈತೇನು ಎಂದು.

ಹೀಗೆ ಇರುವಾಗ ಒಂದು ಸಲ, ಮಳೆಗಾಲದ ಕೊನೆಗೆ, ಅವರನ್ನು ಹೊಳೆ ಎಳೆದುಕೊಂಡಿತು. ದೊಡ್ಡ ಮೀನು ಗಾಳ ನುಂಗಿತ್ತು. ತೇವಕ್ಕೆ ಉಬ್ಬಿದ್ದ ಹಳೆಯ ಚರಕಿ ನಡುವೆಯೇ ಬಿಗಿದು ತಿರುಗದೆ ನಿಂತಿತು. ಇವರು ಕೋಲು ಬಿಡುವುದು ಬಿಟ್ಟು ದಾರವನ್ನು ಮುಂಗೈಗೆ ಸುತ್ತಿಕೊಂಡರು. ಬಂಡೆಯ ಮೇಲಿಂದ ಜಾರಿ ಕುತ್ತಿಗೆಯವರೆಗೆ ಹೋದರು. ಹರಗೋಲಿನ ಹುಲಿಗೆಪ್ಪ ಹತ್ತಿರವೇ ಇದ್ದ. ಕಡೆಗೆ ದಾರ ಕೊಯ್ದು ಎತ್ತಿಹಾಕಿದ. ಮಾವನವರು ಒದ್ದೆ ಧೋತರದಲ್ಲಿ ನಗುತ್ತ ಮನೆಗೆ ಬಂದರು. "ನೀಲವ್ವಾ, ನಾ ಹೋಗಿಬಿಡ್ತಿದ್ದೆ, ನಿನ್ನ ದಾರ ಬಿಡಲಿಲ್ಲ ನೋಡು" — ಅದನ್ನು ಹೊಗಳಿಕೆಯೆಂದೇ ಅಂದರು ಅವರು.

ನನಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ. ಅವರ ಮುಂಗೈ ಸುತ್ತ ದಾರ ಕೊಯ್ದ ಗಾಯ ಬಳೆಯ ಹಾಗೆ ಕೂತಿತ್ತು. ಅರಿಸಿನ ಹಚ್ಚಿದೆ, ಒಣಗಿತು, ಕಲೆ ಉಳಿಯಿತು. ಊಟಕ್ಕೆ ಬಡಿಸುವಾಗಲೆಲ್ಲ ಅದೇ ಕೈ ತಾಟಿನ ಮೇಲೆ. ನನ್ನ ದಾರ ಗಟ್ಟಿಯಿತ್ತು, ಅದಕ್ಕೇ ಅವರನ್ನು ಎಳೆಯಿತು — ಊಟ ಬಡಿಸಿ ಬಡಿಸಿ ಇದೊಂದು ವಿಚಾರ ತಲೆಯಲ್ಲಿ ನಿಂತುಬಿಟ್ಟಿತು.

ಇನ್ನು ಹೊಳೆಗೆ ಹೋಗುವುದು ಬೇಡವೆಂದು ಮಾವನವರಿಗೆ ಹೇಳಿ ನೋಡಿದೆ. "ನಾ ಹೋಗದಿದ್ರ ಮೀನ ಮನಿತನಕ ಬಂದು ಕೇಳ್ತಾವವಾ, ಯಂಕಪ್ಪಗ ಮೈಯಾಗ ಆರಾಮಿಲ್ಲೇನು ಅಂತ" ಎಂದು ನಕ್ಕರು. ನಮ್ಮ ಮನೆಯವರಿಗೆ ಹೇಳಿದೆ. "ಅಪ್ಪ ನನ್ನ ಬಿಟ್ಟಾನು, ಹೊಳಿ ಬಿಡಂಗಿಲ್ಲ" ಎಂದರು ಅವರು.

ಮರುವರ್ಷ ಹೊಸ ದಾರ ಹೊಸೆಯುವ ಹೊತ್ತು ಬಂತು. ಆಗ ನಾನು ಮಾಡಿದ್ದು ಇದು. ಗಾಳದ ಕಡೆಯ ಒಂದು ಮಾರಿನಷ್ಟು ದಾರದಲ್ಲಿ ಹೊಸ ರೇಷ್ಮೆಯ ಎಳೆ ಒಂದೇ ಹಾಕಿದೆ. ಉಳಿದ ಎರಡು ಎಳೆ ಹೋದ ವರ್ಷದ ಕೊಳೆತ ದಾರವನ್ನು ಬಿಚ್ಚಿ ತೆಗೆದವು. ಹೊಸ ಎಳೆಯನ್ನು ಹೊರಗೆ ಮಾಡಿ ಹೊಸೆದೆ; ಎಲ್ಲವನ್ನೂ ಒಂದೇ ತೊಗಟೆನೀರಿನಲ್ಲಿ ಅದ್ದಿದೆ; ಬಣ್ಣ ಒಂದೇ ಆಯಿತು. ಸಣ್ಣ ಮೀನಿಗೆ ತಡೆಯಬೇಕು, ಮಾವನವರನ್ನು ಎಳೆಯುವಂಥದಕ್ಕೆ ಹರಿಯಬೇಕು — ಅಷ್ಟು ಅಳತೆಯಲ್ಲಿ ಹೊಸೆದೆ. ಸುಳ್ಳು ಏಕೆ ಹೇಳಲಿ, ಆ ಅಳತೆ ಕೂಡಿಬಂದಾಗ ನನಗೆ ಒಳಗೊಳಗೇ ಹಮ್ಮೂ ಆಯಿತು.

ಒಂದೇ ಅಂಜಿಕೆ: ಅವರು ಬೆರಳಾಡಿಸಿ ನೋಡಿದರೆ ಸಿಕ್ಕಿಬೀಳುತ್ತೇನೆ. ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟೆ. ಅವರು ನೋಡಲೇ ಇಲ್ಲ. ನೇರವಾಗಿ ಚರಕಿಗೆ ಸುತ್ತತೊಡಗಿದರು.

"ಜಗ್ಗಿ ನೋಡಂಗಿಲ್ಲೇನ್ರಿ ಮಾವಾರ?" — ನನ್ನ ಬಾಯಿಂದಲೇ ಬಂತು.

"ನೀ ಹೊಸೆದಿದ್ದು. ನೋಡೋದೇನೈತವಾ ಅದ್ರಾಗ?"

ಅಲ್ಲಿ ನಿಲ್ಲಿಸಬಹುದಿತ್ತು. ಆ ಮಾತಿನ ಮೇಲೆ ಯಾರಾದರೂ ನಿಲ್ಲಿಸುತ್ತಿದ್ದರು. ನಾನು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತೆ.

ಅದು ಆದದ್ದು ಒಂದು ಬೆಳಗಿನ ಹೊತ್ತು. ನಾವು ಹೆಂಗಸರು ಮಡುವಿನ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದೆವು. ಹುಲಿಗೆಪ್ಪ ಹರಗೋಲು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಮಾವನವರು ಮೇಲಿನ ಬಂಡೆಯ ಮೇಲೆ. ಮೊದಲು ಚರಕಿ ಹಾಡಿತು. ಹಾಗೆ ಹಾಡಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಕೋಲು ಬಿಲ್ಲಾಯಿತು. ನೀರಿನಿಂದ ಒಂದು ಸಲ ಎದ್ದು ಬಿದ್ದ ಬಾಳೆಮೀನು — ಅದರ ಬಿಳಿ ಹೊಟ್ಟೆ ನಮಗೆಲ್ಲ ಕಂಡಿತು — ಕೂಸು ಮಲಗಿಸುವ ತೊಟ್ಟಿಲಿಗಿಂತ ಉದ್ದ. ಅರಿವೆ ಕೈಯಲ್ಲೇ ಹಿಡಿದು ಎಲ್ಲರೂ ಎದ್ದು ನಿಂತರು. ಮಾವನವರು ಅವಸರ ಮಾಡಲಿಲ್ಲ. ಅದು ಜಗ್ಗಿದರೆ ಬಿಟ್ಟರು, ನಿಂತರೆ ಸುತ್ತಿದರು. ಈ ಸಲ ಮುಂಗೈಗೆ ಸುತ್ತಿಕೊಳ್ಳಲೂ ಇಲ್ಲ. ಕಾಲು ಗಟ್ಟಿ ಊರಿ ನಿಂತಿದ್ದರು. ಅವರು ಗೆಲ್ಲುತ್ತಿದ್ದರು. ದೇವರಾಣೆ, ಗೆಲ್ಲುತ್ತಿದ್ದರು — ಮೀನು ದಣಿದು ಮಗ್ಗುಲಾಗಿ ದಂಡೆಯ ಕಡೆ ಬರುತ್ತಿತ್ತು —

ಆಗ ಕೋಲು ನೆಟ್ಟಗಾಯಿತು.

ತುಂಡಾದ ದಾರ ಗಾಳಿಯಲ್ಲಿ ತೂಗುತ್ತಿತ್ತು. ಹುಲಿಗೆಪ್ಪ ಅಂದ: "ಏನ್ ಕಾಕಾ, ಸಲಾಂ ಹೊಡದು ಹೋತಲ್ಲ ಮೀನು. ದಾರ ಸುಮಾರಿತ್ತೇನೊ."

ಮಾವನವರು ಅವನ ಕಡೆ ತಿರುಗಿದರು. ಅವರು ಯಾರ ಮೇಲೂ ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ, ಅವತ್ತು ಕಂಡೆ. "ಹುಲಿಗ್ಯಾ, ನನ್ನ ಸೊಸಿ ಹೊಸೆದ ದಾರ ಅದು. ದಾರಕ್ಕ ಕೆಟ್ಟ ಹೆಸರಿಡಬ್ಯಾಡ. ಕೋಲು ಛಲೋ ಇತ್ತು, ಚರಕಿ ಛಲೋ ಇತ್ತು, ದಾರ ಛಲೋ ಇತ್ತು. ಕೈ ಸೋತೈತಿ. ನನ್ನ ಕೈ."

ನಾನು ಒದ್ದೆ ಸೀರೆ ಹಿಂಡುತ್ತ ನಿಂತಿದ್ದೆ. ಒಂದು ಮಾತು. ಒಂದೇ ಮಾತು ಬೇಕಿತ್ತು. ಹಿಂಡಿದ್ದನ್ನೇ ಮತ್ತೆ ಹಿಂಡಿದೆ.

ನೋಡಿ, ನನ್ನ ದಾರದ ಮೇಲೆ ಅವರಿಗೆ ಒಂದಿಷ್ಟು ಅನುಮಾನ ಬಂದಿದ್ದರೆ ತಮ್ಮ ಕೈಯ ಮೇಲಿನ ನಂಬಿಕೆ ಉಳಿಸಿಕೊಳ್ಳುತ್ತಿದ್ದರು. ಬರಲಿಲ್ಲ. ತುಂಡಾದ ತುದಿಯನ್ನು ಸಹ ನೋಡದೆ ಸುತ್ತಿಟ್ಟರು. ಹಾಗಾಗಿ ತಪ್ಪು ಹೊರುವುದಕ್ಕೆ ಅವರ ಕೈ ಒಂದೇ ಉಳಿಯಿತು. ಆ ದಿನ ಕೋಲನ್ನು ಜಂತೆಗೆ ಸಿಕ್ಕಿಸಿದವರು ಮತ್ತೆ ಇಳಿಸಲಿಲ್ಲ. ಬಿದಿರು ಆರಿಸಲು ಬಂದವರಿಗೆ, "ನನ್ನ ಕೈ ಈಗ ಸುಳ್ಳ ಹೇಳಾಕತ್ತೈತಿ, ನೀಲವ್ವನ್ನ ಕೇಳ್ರಿ" ಎನ್ನತೊಡಗಿದರು. ನನಗೆ ಏನು ಗೊತ್ತು ಕೋಲಿನ ಸುದ್ದಿ? ಪಕ್ಕದಲ್ಲಿ ಕೂತು ಹೇಳಿಕೊಟ್ಟರು — ಬುಡ ಹೀಗೆ ಹಿಡಿ, ತುದಿ ಹೀಗೆ ಝಾಡಿಸು, ಗಿಣ್ಣು ಒತ್ತೊತ್ತಾಗಿದ್ದರೆ ತಗೋ, ಚರಕಿಯನ್ನು ಕಣ್ಣಿನಿಂದ ಕೊಳ್ಳಬೇಡ, ಕಿವಿಯಿಂದ ಕೊಳ್ಳು. ತಮ್ಮ ಕೈಯಲ್ಲಿದ್ದದ್ದನ್ನೆಲ್ಲ, ಆ ಕೈಯ ಮೇಲಿನ ನಂಬಿಕೆ ಕೆಡಿಸಿದವಳಿಗೇ ಕೊಟ್ಟರು. ನಾನು ತೆಗೆದುಕೊಂಡೆ.

ಇನ್ನೂ ಕೆಟ್ಟ ಮಾತು ಹೇಳುತ್ತೇನೆ. ನಾನು ಸುಖವಾಗಿದ್ದೆ. ಮಗಳು ಹುಟ್ಟಿದಳು, ಅವರು ಮೊದಲು ಹೊಳೆಗೆ ಹೋಗುತ್ತಿದ್ದ ಹೊತ್ತಿನಲ್ಲಿ ಈಗ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಹೇಳುತ್ತ ಕೂಡುವರು, ಅವಳಿಗೆ ಮಾತು ತಿಳಿಯುತ್ತಿತ್ತೋ ಇಲ್ಲವೋ ಅನ್ನುವಾಗಿನಿಂದಲೇ. ಒಳಗೆ ರೊಟ್ಟಿ ಬಡಿಯುತ್ತ ನಾನೂ ಕೇಳುವೆ. ನನ್ನ ಮನೆಯಲ್ಲಿ ಎಂದೂ ಇಲ್ಲದ ಅಪ್ಪ, ಈಗ ದಿನವಿಡೀ ಮನೆಯಲ್ಲಿ. ಮುಂಗೈಯ ಕಲೆ ಮಾಸುತ್ತ ಬಂತು. ಅವರನ್ನು ಉಳಿಸಿಕೊಂಡೆನಲ್ಲ, ಸಾಕು ಎಂದುಕೊಂಡೆ. ಕೆಲವೊಮ್ಮೆ ಮಾತ್ರ ಕಥೆಯ ನಡುವೆ ನಿಲ್ಲಿಸಿ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವರು, ಅಪರಿಚಿತರನ್ನು ನೋಡಿದ ಹಾಗೆ.

ರಜಾಕಾರರ ಗದ್ದಲ ಶುರುವಾಗುವ ಹಿಂದಿನ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಚರಕಿ ತರಹೇಳಿದರು. ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಗಾಲಿ ನಿಲ್ಲುವವರೆಗೂ ಕಿವಿಗೊಟ್ಟರು. ಆಮೇಲೆ ಕೇಳಿದರು —

"ನೀಲವ್ವಾ, ಅವತ್ತ ನಾ ಏನ್ ತಪ್ಪ ಮಾಡಿದ್ನೆವಾ? ಬಿಡೋ ಹೊತ್ತಿಗೆ ಬಿಟ್ಟೇನಿ, ಜಗ್ಗೋ ಹೊತ್ತಿಗೆ ಜಗ್ಗೇನಿ. ಎಷ್ಟ ವಿಚಾರ ಮಾಡಿದ್ರೂ ತಿಳೀವಲ್ದು."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆಯನ್ನು ಯಾವ ದೇವರೂ ಕೊಡಲಾರ. ಹೇಳಿದ್ದರೆ ಏನು ಮಾಡುತ್ತಿದ್ದರು? ನಗುತ್ತಿದ್ದರು, ಅಷ್ಟೇ. ನಕ್ಕು, ಆ ಕೈಯನ್ನು ಒಮ್ಮೆ ತಮ್ಮದೇ ಕೈಯೆಂದು ನೋಡಿಕೊಂಡು... ಆದರೆ ನಾನು, ನನ್ನನ್ನು "ನೀಲವ್ವಾ" ಎಂದು ಕರೆಯುವ ಆ ದನಿ ಒಂದು ಗಳಿಗೆಗಾದರೂ ಬದಲಾದೀತೆಂದು ಅಂಜಿದೆ. "ಬಿಡ್ರಿ ಮಾವಾರ, ಹಳೇ ಮಾತು" ಎಂದೆ. ಅವರು ಬಿಟ್ಟರು. ಒಂದು ವಾರ ತಾಳಲಿಲ್ಲ.

ದಾರ ಹೊಸೆದದ್ದನ್ನು ಅಂಜಿಕೆಗೆ ಮಾಡಿದೆ ಎನ್ನಬಹುದು. ಈ "ಬಿಡ್ರಿ" ಎಂದದ್ದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಈಗ ಗಂಗಾವತಿಯ ಅಂಗಡಿಗಳಲ್ಲಿ ನೈಲಾನ್ ದಾರ, ಕಬ್ಬಿಣದ ಚರಕಿ ಸಿಗುತ್ತವೆ. ಆದರೂ ಹುಡುಗರು ಕೊಂಡದ್ದನ್ನು ನನಗೆ ತೋರಿಸಿ ಹೋಗಲು ಬರುತ್ತಾರೆ. ನಾನು ಕೋಲು ಝಾಡಿಸುತ್ತೇನೆ, ಚರಕಿ ಕೇಳುತ್ತೇನೆ. ದಾರವನ್ನು ಮಾತ್ರ ಅವರ ಕೈಗೇ ಕೊಟ್ಟು, "ನೀನ ಜಗ್ಗಿ ನೋಡು. ನನ್ನ ಮಾತಿನ ಮ್ಯಾಲೆ ಒಯ್ಯಬ್ಯಾಡ" ಎನ್ನುತ್ತೇನೆ. ಅದನ್ನು ಕಸುಬಿನ ಬಿಗಿ ಎಂದು ತಿಳಿದು ನಗುತ್ತ ಹೋಗುತ್ತಾರೆ.

ಹುಲಿಗೆಪ್ಪ ಮುದುಕನಾಗಿದ್ದಾನೆ, ಇನ್ನೂ ಹರಗೋಲು ಹಾಕುತ್ತಾನೆ. ಮೊನ್ನೆ ದಾಟುವಾಗ ಹೊಸಬರಿಗೆ ಅದೇ ಕಥೆ ಹೇಳುತ್ತಿದ್ದ. ಮೀನು ಮೊದಲಿಗಿಂತ ದೊಡ್ಡದಾಗಿತ್ತು, ಕೊನೆ ಮಾತ್ರ ಹಾಗೆಯೇ — "ಯಂಕಪ್ಪ ಕಾಕಾನಂಥಾ ಕೈಯೂ ಕಡೀಕ ಸೋತಿತು." ನಾನು ಎದುರಿಗೇ ಕೂತು ನೀರು ನೋಡಿದೆ.

ಅವನಿಗೆ ಓದಲು ಬಾರದು. ಅದಕ್ಕೇ ನನ್ನ ಮಗಳಿಗೆ ಹೇಳುತ್ತೇನೆ, ಈ ಹಾಳೆಗಳನ್ನು ಹರಗೋಲಿನ ದಂಡೆಗೆ ಒಯ್ದು, ಜನ ಕೂಡಿರುವಾಗ, ಅವನ ಮುಂದೆ ಗಟ್ಟಿಯಾಗಿ ಓದು ಎಂದು. ಓದುವ ಹೊತ್ತಿಗೆ ಅವಳಿಗೂ ತಿಳಿಯುತ್ತದೆ, ತನ್ನ ಅಜ್ಜ ಮನೆಯಲ್ಲಿ ಕೂತದ್ದು ಏಕೆಂದು. ಆಮೇಲೆ ನಾನೂ ದಂಡೆಗೆ ಹೋಗುತ್ತೇನೆ. ಹುಲಿಗೆಪ್ಪ ನನ್ನನ್ನು ಹತ್ತಿಸಿಕೊಳ್ಳುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು. ಹತ್ತಿಸಿಕೊಳ್ಳದಿದ್ದರೂ ಸರಿಯೇ, ತಾನು ಹೇಳುವ ಕಥೆಯ ಕೊನೆಯಲ್ಲಿ ಆ ಕೈಯ ಮೇಲಿನ ಮಾತನ್ನು ತೆಗೆದು, ನನ್ನ ಹೆಸರು ಇಡಲಿ.